ಕೆಂಪಿಲ್ಲದ ಟಿವಿಯಲ್ಲಿ ಕಡೆಯ ಯುದ್ಧ

ರಿಪೇರಿ ಅಂಗಡಿಗೆ ಕೆಟ್ಟ ಸಾಮಾನು ತರುವವರಿಗಿಂತ ಸಲಹೆ ತರುವವರೇ ಹೆಚ್ಚು. ಸಾಮಾನು ರಿಪೇರಿಯಾಗಿ ವಾಪಸು ಹೋಗುತ್ತದೆ, ಸಲಹೆ ತಂದವರು ಹೋಗುವುದಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಗಲ್ಲಿಯಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ ಇಂಥವರ ಕೊರತೆ ಯಾವತ್ತೂ ಆಗಿಲ್ಲ. ಟಿವಿಗಳು ಗೋಡೆಗೆ ಅಂಟಿಕೊಳ್ಳುವಷ್ಟು ತೆಳ್ಳಗಾದವು, ನಾನು ದಪ್ಪಗಾದೆ, ಸಲಹೆ ಮಾತ್ರ ಮೊದಲಿನ ತೂಕದಲ್ಲೇ ಇದೆ. ಅದರಲ್ಲೂ ಒಂದು ಹಳೆಯ ವಿಡಿಯೋ ಗೇಮಿನ ವಿಷಯದಲ್ಲಿ ನನಗೆ ಸಿಕ್ಕ ಸಹಾಯ ಶತ್ರುವಿಗೂ ಸಿಗುವುದು ಬೇಡ.

ಆಗ ಕೆಂಪಿತ್ತು, ಈಗ ಕರೆಂಟಿದೆ

ಕಾಲೇಜು ದಿನಗಳಲ್ಲಿ ಮನೆಯಲ್ಲಿ ಹಟ ಹಿಡಿದು ಒಂದು ಗೇಮ್ ಪೆಟ್ಟಿಗೆ ತರಿಸಿಕೊಂಡಿದ್ದೆ. ಟಿವಿಗೆ ಸಿಕ್ಕಿಸಿ, ಮೇಲೆ ಕ್ಯಾಸೆಟ್ ತುರುಕಿ, ಕೈಯಲ್ಲಿ ರಿಮೋಟು ಹಿಡಿದು ಆಡುವಂಥದು. ಅದರ ಜೊತೆ ಬಂದ ಒಂದು ಕ್ಯಾಸೆಟ್ಟು ನನ್ನ ತಲೆ ಕೆಡಿಸಿತು. ಬೇರೆ ಆಟಗಳಲ್ಲಿ ಒಬ್ಬ ಕುಳ್ಳ ಮನುಷ್ಯ ಪರದೆಯ ಈ ಕಡೆಯಿಂದ ಆ ಕಡೆಗೆ ಓಡುತ್ತಾನೆ, ನಾವು ಹೊರಗೆ ಕೂತು ಓಡಿಸುತ್ತೇವೆ. ಈ ಆಟದಲ್ಲಿ ಹಾಗಲ್ಲ. ಮೂರಂತಸ್ತಿನ ರೋಬೋ ಒಂದರ ಹೊಟ್ಟೆಯೊಳಗೆ ನಾವೇ ಕೂತಿರುತ್ತೇವೆ. ಎದುರಿಗೆ ಅದರ ಕಿಟಕಿ, ಅಕ್ಕಪಕ್ಕ ಎರಡು ಕೋವಿಗಳ ಮೂತಿ, ಕೆಳಗೆ ಇಂಜಿನ್ನಿನ ಬಿಸಿ ತೋರಿಸುವ ಪಟ್ಟಿ. ಹೆಜ್ಜೆ ಇಟ್ಟರೆ ಇಡೀ ಲೋಕ ಧಡ್ ಧಡ್ ಅಂತ ಕುಲುಕುತ್ತದೆ. ಎದುರಿಗೆ ಬೇರೆ ರೋಬೋಗಳು ಬರುತ್ತವೆ, ಹೊಡೆದು ಕೆಡವಿ ಮುಂದೆ ಹೋಗಬೇಕು.

ಕೊನೆಗೆ ಬರುವವನು ಎಲ್ಲ ರೋಬೋಗಳ ಅಪ್ಪ, ನಾನು ಅವನಿಗೆ ದೊಡ್ಡಪ್ಪ ಅಂತಲೇ ಹೆಸರಿಟ್ಟಿದ್ದೆ. ಅವನ ಎದೆಯಲ್ಲೊಂದು ಸಣ್ಣ ಕಿಂಡಿ ಇದೆ, ಅದು ರೆಪ್ಪೆ ಬಡಿಯುವಷ್ಟು ಹೊತ್ತು ತೆರೆದು ಮುಚ್ಚುತ್ತದೆ. ಅಷ್ಟರಲ್ಲಿ ಅದರೊಳಕ್ಕೆ ಹೊಡೆದರೆ ಮಾತ್ರ ಅವನು ಸಾಯುವುದು. ಗುರಿ ಹಿಡಿಯಲೆಂದೇ ನಮ್ಮ ಕಿಟಕಿಯ ನಟ್ಟನಡುವೆ ಒಂದು ಸಣ್ಣ ಕೆಂಪು ಗುರುತು ಇರುತ್ತದೆ. ಗೇಮಿನಲ್ಲಿ ಆಟ ಉಳಿಸಿಡುವ ಸೌಕರ್ಯ ಇಲ್ಲ. ಪೆಟ್ಟಿಗೆ ಆಫ್ ಆದರೆ ಮೊದಲಿನಿಂದ ಶುರು. ಆಗಿನ ಕಾಲದಲ್ಲಿ ನಾನು ಎಷ್ಟೋ ಸಲ ಆ ಅಪ್ಪನ ಮುಂದೆ ಹೋಗಿ ನಿಂತೆ. ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಹೀಗಾಗಿ ಆ ಆಟದ ಕೊನೆ ಹೇಗಿದೆ ಅಂತ ನಾನು ಮೊನ್ನೆಮೊನ್ನೆಯವರೆಗೂ ನೋಡಿರಲಿಲ್ಲ.

ಈಗ ಅಂಗಡಿಯಲ್ಲಿ ಇನ್ವರ್ಟರ್ ಇದೆ, ಕರೆಂಟಿನ ಹಂಗಿಲ್ಲ. ಆದರೆ ಆಗಿನಿಂದ ಆಡುತ್ತಾ ಬಂದ ಹಳೆಯ ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬು ಮುದಿಯಾಗಿ ಕೆಂಪು ಬಣ್ಣ ತೋರಿಸುವುದನ್ನೇ ಬಿಟ್ಟಿತು. ಬೆಂಕಿ ಹತ್ತಿದರೆ ಹಸಿರು, ಬಾಂಬು ಸಿಡಿದರೆ ನೀಲಿ, ಗುರಿಯ ಗುರುತು ಮಂಗಮಾಯ. ಹೊಸ ತೆಳ್ಳನೆ ಟಿವಿಗೆ ಸಿಕ್ಕಿಸಿಯೂ ನೋಡಿದೆ. ಆ ಟಿವಿ ನಾವು ಬಟನ್ ಒತ್ತಿದ ಮೇಲೆ ಯೋಚನೆ ಮಾಡಿ, ನಾಲ್ಕು ಜನರನ್ನು ಕೇಳಿ, ಆಮೇಲೆ ಗುಂಡು ಹಾರಿಸುತ್ತದೆ. ಅಷ್ಟರಲ್ಲಿ ನಾನು ಸತ್ತಿರುತ್ತೇನೆ. ಬೇರೆ ಟ್ಯೂಬು ಈಗ ಎಲ್ಲೂ ಸಿಗುವುದಿಲ್ಲ. ಅಂದರೆ ಇರುವ ಟ್ಯೂಬು ಪೂರ್ತಿ ಕಣ್ಣು ಮುಚ್ಚುವುದರೊಳಗೆ ಆ ಅಪ್ಪನನ್ನು ಕೆಡವಬೇಕು, ಇಲ್ಲದಿದ್ದರೆ ಈ ಜನ್ಮಕ್ಕೆ ಆಟದ ಕೊನೆ ಕಾಣುವುದಿಲ್ಲ. ಐವತ್ತು ದಾಟಿದವನಿಗೆ ಇದೊಂದು ಚಿಂತೆಯೇ ಅಂತ ನೀವು ಕೇಳಬಹುದು. ಹೌದು, ಚಿಂತೆಯೇ. ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಹೀಗೆ ಸಂಕಟಪಡುತ್ತಾ ಆಡುತ್ತಿದ್ದಾಗ ಅಡಿಕೆ ಮಂಡಿಯ ಗುಮಾಸ್ತರೊಬ್ಬರು ತಮ್ಮ ಸೆಟ್‌ಟಾಪ್ ಬಾಕ್ಸ್ ಹಿಡಿದು ಬಂದರು. ಹಸಿರು ಬೆಂಕಿಯನ್ನು ಕಣ್ಣು ಕಿರಿದು ಮಾಡಿ ನೋಡಿದರು. ಅಡಿಕೆ ಬೇಯಿಸುವಾಗ ಕೆಂಪು ಕಟ್ಟಲೆಂದು ಚೊಗರು, ಅಂದರೆ ಹಿಂದಿನ ಕುದಿಯ ಗಟ್ಟಿ ರಸ, ಹಾಕುತ್ತಾರಲ್ಲ, ಇಡೀ ಆಯುಸ್ಸು ಅದನ್ನೇ ನೋಡಿದ ಕಣ್ಣು ಅವರದು.

"ಬಣ್ಣ ಕಟ್ಟಿಲ್ಲ ಮಾರಾಯ್ರೆ" ಅಂದರು. "ಇನ್ನೊಂದು ಕುದಿ ಬರ್ಬೇಕಿತ್ತು. ಈ ಮಾಲನ್ನ ನಮ್ಮ ಮಂಡಿಲಿ ಯಾರೂ ಮುಟ್ಟಲ್ಲ."

ಹಾರನ್ ಎಲ್ಲಿದೆ?

ನಮ್ಮ ಗಲ್ಲಿಯ ಬಾಯಿಯಲ್ಲಿ ಆಟೋ ಸ್ಟ್ಯಾಂಡ್ ಇದೆ. ಅಲ್ಲಿಯ ಸಾಬರೊಬ್ಬರು ನನ್ನ ಹಳೆಯ ದೋಸ್ತ್. ಬಾಡಿಗೆ ಇಲ್ಲದಾಗ ನನ್ನ ಅಂಗಡಿಯ ಸ್ಟೂಲು ಅವರದೇ. ನಾನು ಗೋಡೆಗೋಡೆಗೂ ಡಿಕ್ಕಿ ಹೊಡೆಯುವುದನ್ನು ನೋಡಿ ನೋಡಿ ಒಂದು ದಿನ ಅವರಿಗೆ ತಡೆಯಲಾಗಲಿಲ್ಲ.

"ಕೊಡ್ರಿ ಇಲ್ಲಿ ರಿಮೋಟು. ಗಾಡಿ ಓಡ್ಸೋ ಕೆಲ್ಸ ಗಾಡಿ ಓಡ್ಸೋರಿಗೆ ಬಿಡ್ಬೇಕು" ಅಂದರು.

ಮೊದಲು ಪರದೆಯನ್ನೆಲ್ಲ ಹುಡುಕಿ, "ರೋಬೋ ಎಲ್ಲಿ ಐತೆ? ಕಾಣ್ತಾನೇ ಇಲ್ಲ?" ಅಂತ ಕೇಳಿದರು.

"ನೀವೇ ಅದರೊಳಗೆ ಕೂತಿದ್ದೀರಿ" ಅಂದೆ.

"ಹಾಂ, ಸಮಜ್ ಆಯ್ತು. ಆಟೋ ಓಡ್ಸೋವಾಗ ನನಗೆ ಆಟೋ ಎಲ್ಲಿ ಕಾಣ್ತದೆ?" ಅಂದವರೇ ಕಾಲು ಮಡಚಿ ಒಂದು ಕಡೆ ವಾಲಿಕೊಂಡು ಡ್ರೈವರ್ ಸೀಟಿನ ಹಾಗೆ ಕೂತರು. ಶತ್ರು ರೋಬೋ ಒಂದು ಕಿಟಕಿಗೇ ಮುಖ ತಂದಾಗ ಮಾತ್ರ ಹಿಂದೆ ಸರಿದು, "ಏನ್ರಿ ಇದು, ತ್ಯಾವರೆಕೊಪ್ಪದ ಹುಲಿ ಸಿಂಹದ ಸಫಾರಿ ಬಸ್ಸಿಗಾದ್ರೂ ಕಿಟಕಿಗೆ ಜಾಲರಿ ಇರ್ತದೆ!" ಅಂದರು.

ಆದರೆ ಓಡಿಸಿದ್ದು ಮಾತ್ರ ಸೊಗಸಾಗಿತ್ತು. ಎರಡು ರೋಬೋಗಳ ಮಧ್ಯೆ ನಾನಾದರೆ ನೂಲು ತೂರಿಸಲೂ ಯೋಚಿಸುತ್ತಿದ್ದೆ, ಅವರು ಇಡೀ ಗಾಡಿಯನ್ನೇ ನುಸುಳಿಸಿದರು. ಎಡಕ್ಕೆ ತಿರುಗುವಾಗ ಎಡಗಾಲನ್ನು ಸ್ಟೂಲಿನಿಂದ ಆಚೆ ಚಾಚುತ್ತಿದ್ದರು. ಸಿಗ್ನಲ್ಲಂತೆ. ನನಗೆ ಆಸೆ ಹುಟ್ಟಿತು. ಈ ಮನುಷ್ಯ ಇವತ್ತು ಕೊನೆ ತೋರಿಸಿಯೇ ಬಿಡುತ್ತಾನೆ ಅಂದುಕೊಂಡೆ.

ಒಂದೇ ಒಂದು ವಿಷಯ ಅರ್ಥವಾಗಲಿಲ್ಲ. ಪ್ರತಿ ತಿರುವು ಬಂದಾಗಲೂ ಖಾಲಿ ಗೋಡೆಗೆ ಒಂದು ಕ್ಷಿಪಣಿ ಹಾರಿಸುತ್ತಿದ್ದರು. ಅಲ್ಲಿ ಶತ್ರು ಇಲ್ಲ, ಗಿತ್ರು ಇಲ್ಲ.

"ಗೋಡೆಗೆ ಯಾಕ್ರಿ ಹೊಡೀತೀರಿ?"

"ಹೊಡೀತಾ ಇಲ್ಲ ಭಾಯ್, ಹಾರನ್. ತಿರುವಲ್ಲಿ ಹಾರನ್ ಹಾಕ್ದೆ ಹ್ಯಾಗೆ ಹೋಗೋದು? ಆ ಕಡೆಯಿಂದ ಯಾರಾದ್ರೂ ಬಂದ್ರೆ?"

ಯಾರಾದರೂ ಬಂದರೆ ಹೊಡೆಯಬೇಕು ಎನ್ನುವುದೇ ಆಟ ಅಂತ ಹೇಳಿದೆ. ಅವರು ನನ್ನನ್ನು ಲೈಸೆನ್ಸ್ ಇಲ್ಲದವನನ್ನು ನೋಡುವಂತೆ ನೋಡಿದರು. ಕಡೆಗೆ ಆ ದೊಡ್ಡಪ್ಪನ ಮುಂದೆ ಹೋಗಿ ನಿಂತಾಗ ನಮ್ಮ ಗಾಡಿಯಲ್ಲಿ ಒಂದು ಕ್ಷಿಪಣಿಯೂ ಉಳಿದಿರಲಿಲ್ಲ. ಎಲ್ಲ ತಿರುವಿನಲ್ಲಿ ಖರ್ಚಾಗಿತ್ತು. ಅವನು ಧಡ್ ಧಡ್ ಅಂತ ನಮ್ಮ ಮೇಲೇ ಬಂದ.

"ಈಗೇನ್ರಿ ಮಾಡ್ತೀರಿ?" ಅಂತ ಕಿರುಚಿದೆ.

ನಮ್ಮ ದೋಸ್ತ್ ಗಾಡಿಯನ್ನು ಮೆಲ್ಲಗೆ ರಸ್ತೆಯ ಎಡಬದಿಗೆ ತಂದು ನಿಲ್ಲಿಸಿದರು. "ಸೈಡ್ ಕೊಡ್ತೀನಿ. ದೊಡ್ಡ ಗಾಡಿ, ಅವನು ಬಿಡಲ್ಲ, ನಾವೇ ಬಿಡ್ಬೇಕು."

ಬೀಗರ ಸೇಫ್ಟಿ

ನನ್ನ ಮಗಳನ್ನು ಭದ್ರಾವತಿಗೆ ಕೊಟ್ಟಿದ್ದೇನೆ. ಅವಳ ಮಾವ, ಅಂದರೆ ನಮ್ಮ ಬೀಗರು, ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಛಾವಣಿಯ ಎತ್ತರದಲ್ಲಿ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು ಕಾದ ಕಬ್ಬಿಣ ಎತ್ತಿಳಿಸುತ್ತಿದ್ದವರು. ಒಂದು ಭಾನುವಾರ ಅಂಗಡಿಯ ಹಿಂದೆಯೇ ಇರುವ ನಮ್ಮ ಮನೆಗೆ ಊಟಕ್ಕೆ ಬಂದವರು ಈ ಆಟ ನೋಡಿ ಕಣ್ಣರಳಿಸಿದರು.

"ಬೀಗ್ರೆ, ಇದು ನಮ್ಮ ಕ್ಯಾಬಿನ್ನೇ! ಕಿಟಕಿ, ಎರಡು ಕೈ, ಬಿಸಿ ಮೀಟರು. ಎಲ್ಲಾ ಸೇಮು!"

ಗಾಳಕ್ಕೆ ಮೀನು ತಾನಾಗಿ ಬಂದು ಬಿದ್ದಿತು ಅಂತ ನನಗೆ ಖುಷಿ. ಕಷ್ಟಪಟ್ಟು ದೊಡ್ಡಪ್ಪನವರೆಗೆ ನಾನೇ ಆಡಿ, ರಿಮೋಟನ್ನು ಎರಡೂ ಕೈಯಿಂದ ಅವರಿಗೆ ಒಪ್ಪಿಸಿದೆ. ಬೀಗರಲ್ಲವೇ, ಒಂದೇ ಕೈಯಲ್ಲಿ ಕೊಟ್ಟರೆ ಅದಕ್ಕೂ ಆರು ತಿಂಗಳು ಮಾತು ಕೇಳಬೇಕು.

ಅವರು ಕನ್ನಡಕ ಒರೆಸಿಕೊಂಡರು. ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡರು. ಆಮೇಲೆ ಸುಮ್ಮನೆ ಕೂತರು. ದೊಡ್ಡಪ್ಪ ಗುಂಡಿನ ಮಳೆ ಸುರಿಸುತ್ತಿದ್ದಾನೆ, ಇವರು ಅಲ್ಲಾಡುತ್ತಿಲ್ಲ.

"ಬೀಗರೇ, ಹೊಡೀರಿ!"

"ಸಿಗ್ನಲ್ ಬರ್ಲಿ."

"ಯಾರ ಸಿಗ್ನಲ್ಲು?"

"ಕೆಳಗಡೆ ನಿಂತೋನು ಕೈ ತೋರಿಸ್ದೆ ಮೇಲಿರೋನು ಲಿವರ್ ಮುಟ್ಟಬಾರ್ದು. ಅದು ಮೊದಲನೇ ಪಾಠ. ನಮ್ಮ ಸಿಗ್ನಲ್‌ಮ್ಯಾನ್ 'ಮೆದುವಾ, ಮೆದುವಾ' ಅಂದ್ರೆ ಮಾತ್ರ ನಾನು ಮೆಲ್ಲಗೆ ಇಳಿಸ್ತಿದ್ದೆ."

ಇಲ್ಲಿ ಕೆಳಗೆ ನಿಂತವನು ಒಬ್ಬನೇ, ಅವನು ಶತ್ರು. ನಾನು ಬಾಯಿ ಬಿಟ್ಟು ಏನೂ ಹೇಳುವ ಹಾಗಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೈಯಿಂದ ಕಿತ್ತುಕೊಳ್ಳುತ್ತಿದ್ದೆ, ಬೀಗರ ಕೈಯಿಂದ ಕಿತ್ತುಕೊಂಡರೆ ಮಗಳ ಗತಿ? ಒಳಗಿನಿಂದ ಹೆಂಡತಿ ಬೇರೆ ಕಣ್ಣಲ್ಲೇ ಎಚ್ಚರಿಕೆ ಕೊಡುತ್ತಿದ್ದಳು. ಅಷ್ಟರಲ್ಲಿ ದೊಡ್ಡಪ್ಪ ನಮ್ಮ ಮೇಲೆ ಕಡೆಯ ಏಟು ಹಾಕಲು ಎರಡೂ ಕೈ ಮೇಲೆತ್ತಿದ. ಎದೆಯ ಕಿಂಡಿ ತೆರೆಯಿತು.

"ಹಾಂ! ಬಂತು ಸಿಗ್ನಲ್" ಅಂದರು ಬೀಗರು. "ಎರಡು ಕೈ ಮೇಲೆ. ಅಂದ್ರೆ ಎತ್ತು ಅಂತ."

ನಮ್ಮ ಎರಡೂ ಕೋವಿಗಳನ್ನು ಆಕಾಶಕ್ಕೆ ಎತ್ತಿ ನಿಲ್ಲಿಸಿದರು. ನೀಲಿ ಬಾಂಬು ಸಿಡಿಯಿತು, ನಮ್ಮ ರೋಬೋ ಚೂರುಚೂರಾಯಿತು. ಅವರು ತೃಪ್ತಿಯಿಂದ ರಿಮೋಟು ಕೆಳಗಿಟ್ಟು, "ಇಷ್ಟು ವರ್ಷ ಸರ್ವಿಸಲ್ಲಿ ನಂದೊಂದೂ ಆಕ್ಸಿಡೆಂಟ್ ಇಲ್ಲ ಬೀಗ್ರೆ" ಅಂದರು.

ನನಗೆ ತಡೆಯಲಾಗದೆ, "ಈಗ ಆಯಿತಲ್ಲ" ಅಂದುಬಿಟ್ಟೆ.

"ಇದು ಲೆಕ್ಕಕ್ಕಿಲ್ಲ" ಅಂದರು. "ನಾನು ರಿಟೈರ್ ಆಗಿದ್ದೀನಿ. ಈಗ ಏನಾದ್ರೂ ಮಾಲೀಕರದೇ ಜವಾಬ್ದಾರಿ."

ಸಕ್ರೆಬೈಲಿನ ತಜ್ಞರು

ಬೀಗರ ನಂತರ ನಾನು ಯಾರ ಕೈಗೂ ರಿಮೋಟು ಕೊಡಬಾರದು ಅಂತ ತೀರ್ಮಾನಿಸಿದೆ. ಆ ತೀರ್ಮಾನ ಮಂಗಳವಾರದವರೆಗೂ ಬಾಳಲಿಲ್ಲ. ಸಕ್ರೆಬೈಲಿನ ಆನೆ ಬಿಡಾರದ ಮಾವುತರೊಬ್ಬರು ಟಿವಿ ರಿಪೇರಿಗೆ ಬಂದರು. ನಾನು ಬೆಸುಗೆಯ ನಡುನಡುವೆ ಆಡುತ್ತಿದ್ದ ಆಟ ನೋಡುತ್ತಾ ಕಾಯುತ್ತಿದ್ದವರು, "ಇಷ್ಟು ದೊಡ್ಡ ಪ್ರಾಣಿನ ಕೈ ಬೆರಳಲ್ಲಿ ನಡೆಸ್ತೀರಾ? ಅದಕ್ಕೆ ಹ್ಯಾಗೆ ಗೊತ್ತಾಗ್ಬೇಕು?" ಅಂತ ಮರುಕಪಟ್ಟರು.

"ಮತ್ತೆ ಹೇಗೆ ನಡೆಸಬೇಕು?"

ಅವರು ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು ಬಂದು ನನ್ನ ಮೇಜನ್ನೇ ಹತ್ತಿ ಕೂತರು. ರಿಮೋಟನ್ನು ಕೆಳಗೆ ಸ್ಟೂಲಿನ ಮೇಲೆ ಇಡಿಸಿಕೊಂಡರು. ಎರಡೂ ಕಾಲಿನ ಹೆಬ್ಬೆರಳನ್ನು ಬಟನ್ನುಗಳ ಮೇಲಿಟ್ಟರು. ಆನೆಯ ಕಿವಿಯ ಹಿಂದೆ ಕಾಲ್ಬೆರಳು ಒತ್ತಿ ತಿರುಗಿಸುವ ರೂಢಿಯಂತೆ. ದೇವರಾಣೆಗೂ ಹೇಳುತ್ತೇನೆ, ನಾನು ಕೈಯಲ್ಲಿ ಆಡಿದ್ದಕ್ಕಿಂತ ಆ ಮನುಷ್ಯ ಕಾಲಲ್ಲಿ ಆಡಿದ್ದೇ ಚೆನ್ನಾಗಿತ್ತು. ಜೊತೆಗೆ ರೋಬೋವನ್ನು "ಬಾ ಮಗಾ, ಹೋಗು ಮಗಾ" ಅಂತ ಮಾತಾಡಿಸುತ್ತಿದ್ದರು. ಒಂದು ಗೋಡೆ ಕೆಡವಿದ್ದಕ್ಕೆ ಜೇಬಿನಿಂದ ಬೆಲ್ಲದ ಚೂರು ತೆಗೆದವರು, ಕೊಡಲು ಬಾಯಿ ಎಲ್ಲೂ ಕಾಣದೆ ತಾವೇ ತಿಂದರು.

ದೊಡ್ಡಪ್ಪ ಎದುರಾದ. ಮಾವುತರು ಅವನನ್ನು ಒಂದು ಗಳಿಗೆ ಗಮನಿಸಿ, ನಮ್ಮ ರೋಬೋವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರು.

"ಯಾಕೆ? ಏನಾಯಿತು?"

"ಅದಕ್ಕೆ ಮದ ಬಂದಿದೆ. ಕಣ್ಣು ನೋಡಿ, ಓಲಾಡೋದು ನೋಡಿ. ಮದ ಬಂದಿದ್ದರ ಎದುರು ಯಾರೂ ಹೋಗಲ್ಲ. ತಾನಾಗೇ ಇಳಿಯುತ್ತೆ, ಆಮೇಲೆ ಬರೋಣ."

"ಆಮೇಲೆ ಅಂದರೆ?"

"ಎರಡು ತಿಂಗ್ಳು ಬಿಡಿ."

ಅಷ್ಟರಲ್ಲಿ ಕೆಳಗಿನ ಬಿಸಿ ಪಟ್ಟಿ ತುಂಬಿ ಮಿಣುಕತೊಡಗಿತು. ಅದೇನು ಅಂತ ಕೇಳಿದರು. ನಮ್ಮ ರೋಬೋ ಬಿಸಿಯಾಗಿದೆ ಅಂದೆ. ಅವರಿಗೆ ನನ್ನ ಮೇಲೆ ನಿಜವಾಗಿಯೂ ಸಿಟ್ಟು ಬಂತು. "ಬೆಳಗಿಂದ ದುಡಿಸ್ತಿದ್ದೀರಿ, ಸ್ನಾನ ಮಾಡ್ಸಿದ್ದೀರಾ ಅದಕ್ಕೆ?" ಅಂದವರೇ ಪರದೆಯ ಮೂಲೆಯಲ್ಲಿ ಕಂಡ ನೀಲಿ ಹೊಂಡದ ಕಡೆ ಹೊರಟರು. ಅದು ಬಿದ್ದರೆ ಏಳಲಾಗದ ಹೊಂಡ. ಬೇಡ ಬೇಡ ಅನ್ನುವುದರೊಳಗೆ ಇಳಿಸಿಯೇಬಿಟ್ಟರು. ಗುಳು ಗುಳು ಅಂದು ಎಲ್ಲ ಮುಗಿಯಿತು.

ಮಾವುತರು ಮೇಜಿನಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡರು. "ನಮ್ಮ ಆನೆ ಮರಿಗಳೂ ಈಜ್ತವೆ" ಅಂದರು. "ಇಷ್ಟು ವರ್ಷ ಸಾಕಿದ್ದೀರಿ, ಏನೂ ಕಲಿಸಿಲ್ಲ."

ಆಯುಧ ಪೂಜೆ

ಆಯುಧ ಪೂಜೆಯ ದಿನ ಬೆಳಿಗ್ಗೆ ಅಂಗಡಿ ತೊಳೆದು, ಸ್ಕ್ರೂಡ್ರೈವರು, ಬೆಸುಗೆ ಕಡ್ಡಿ, ಮೀಟರು ಎಲ್ಲ ಒರೆಸಿ ಸಾಲಾಗಿ ಜೋಡಿಸಿದೆ. ಅಮ್ಮ ಪೂಜೆ ತಟ್ಟೆ ಹಿಡಿದು ಬರುವವರೆಗೆ ಹೊತ್ತಿತ್ತು. ಸುಮ್ಮನೆ ಒಂದು ಆಟ ಅಂತ ಕೂತೆ. ಆ ದಿನ ಏನು ಗ್ರಹಗತಿಯೋ, ಒಂದು ಏಟೂ ತಿನ್ನದೆ ದೊಡ್ಡಪ್ಪನ ಮುಂದೆ ಹೋಗಿ ನಿಂತೆ. ಸರಿಯಾಗಿ ಆಗಲೇ ಟಿವಿ ಚಟ್ ಅಂತು. ಚಿತ್ರ ಮೇಲಿನಿಂದಲೂ ಕೆಳಗಿನಿಂದಲೂ ಕುಗ್ಗಿತು, ಹಸಿರೂ ಮಸುಕಾಯಿತು. ಸಾವಿರ ಟಿವಿಗಳ ಸಾವು ನೋಡಿದವನು ನಾನು. ಇದು ಇವತ್ತಿನ ಸಂಜೆಯನ್ನು ಕಾಣುವುದಿಲ್ಲ ಅಂತ ತಿಳಿಯಿತು. ಆಟವನ್ನು ತಡೆದು ನಿಲ್ಲಿಸಿ ಎದೆಯ ಮೇಲೆ ಕೈ ಇಟ್ಟುಕೊಂಡೆ. ನಿಜ ಹೇಳುತ್ತೇನೆ, ಅಳು ಬಂತು.

ಅಷ್ಟರಲ್ಲಿ ಅಮ್ಮ ಬಂದಳು. ಎಂಬತ್ತರ ಹತ್ತಿರದ ವಯಸ್ಸು, ಆದರೆ ಆಯುಧ ಪೂಜೆಯ ದಿನ ಅವಳ ಓಟವೇ ಬೇರೆ. ಹಿಂದೆಯೇ ಆಟೋ ದೋಸ್ತ್. ಅವರ ಆಟೋಗೂ ಪ್ರತಿ ವರ್ಷ ಕುಂಬಳಕಾಯಿ ಒಡೆಯುವುದು ಅಮ್ಮನೇ.

"ಟಿವಿ ಆಫ್ ಮಾಡು. ಪೂಜೆ ಮಾಡ್ಬೇಕು."

"ಅಮ್ಮ, ಇದೊಂದನ್ನು ಬಿಡು. ಆಫ್ ಮಾಡಿದರೆ ಮತ್ತೆ ಹತ್ತುವುದಿಲ್ಲ."

"ಬಿಡೋದಾ? ನಿನಗೆ ಅನ್ನ ಹಾಕಿದ್ದು ಅದು. ಉರೀತಾ ಇದ್ರೆ ಉರೀಲಿ" ಅಂದವಳೇ ಮೂರು ಬೆರಳಲ್ಲಿ ವಿಭೂತಿ ಅದ್ದಿ ಪರದೆಗೆ ಅಡ್ಡಲಾಗಿ ಎಳೆದಳು. ನಾನು ಎದ್ದು ನಿಲ್ಲುವುದರೊಳಗೆ ಒದ್ದೆ ಕುಂಕುಮದ ಬೊಟ್ಟೊಂದನ್ನು ನಟ್ಟನಡುವೆ ಇಟ್ಟಳು.

"ಪರದೆ ಮೇಲೆ ಯಾಕಮ್ಮಾ!" ಅಂತ ಬಟ್ಟೆ ಹಿಡಿದು ಓಡಿದೆ.

"ಮುಟ್ಟಿದ್ರೆ ನೋಡು! ಪೂಜೆ ಆದದ್ದನ್ನ ನಾಳೆವರೆಗೂ ಯಾರೂ ಮುಟ್ಟೋ ಹಾಗಿಲ್ಲ."

ನಾಳೆವರೆಗೆ ಟ್ಯೂಬು ಇರುವುದಿಲ್ಲ ಅಂತ ಅವಳಿಗೆ ಹೇಗೆ ಹೇಳಲಿ? ನನ್ನ ಮುಖ ನೋಡಿ ಆಟೋ ದೋಸ್ತ್‌ಗೆ ಕರುಣೆ ಬಂತು. ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಪೂಜೆ ಆಗಿರೋದು ಟಿವಿಗೆ. ಇವ್ರ ಕೈಲಿರೋ ರಿಮೋಟಿಗೆ ಇನ್ನೂ ಆಗಿಲ್ಲ. ಟಿವಿ ಮುಟ್ದೆ ದೂರ ಕೂತು ರಿಮೋಟು ಒತ್ತಿದ್ರೆ ತಪ್ಪಿಲ್ಲ, ಅಲ್ವಾ?"

ಅಮ್ಮ ಯೋಚಿಸಿದಳು. ಅವಳ ಎಂಬತ್ತು ವರ್ಷದ ಶಾಸ್ತ್ರದಲ್ಲಿ ರಿಮೋಟಿನ ಪ್ರಸ್ತಾಪ ಬಂದಿರಲಿಲ್ಲ. "ನಾನು ಆಟೋ ಮುಂದೆ ಕಾಯಿ ಒಡೆದು ಬರೋದ್ರೊಳಗೆ ಮುಗಿಸು. ಬಂದವಳೇ ರಿಮೋಟಿಗೂ ಇಡ್ತೀನಿ" ಅಂತ ಹೊರಟಳು.

ನಾನು ಕೂತು ಆಟ ಮುಂದುವರಿಸಿದೆ. ಆಗ ನೋಡಿದೆ. ಪರದೆಯ ನಟ್ಟನಡುವೆ, ಗುರಿಯ ಗುರುತು ಇರಬೇಕಾದ ಜಾಗದಲ್ಲೇ, ಕೆಂಪಗೆ ಅಮ್ಮನ ಬೊಟ್ಟು ಕೂತಿತ್ತು. ಟಿವಿ ಬಿಚ್ಚಿ ಜೋಡಿಸುವುದರಲ್ಲೇ ಆಯುಸ್ಸು ಕಳೆದ ನನಗೆ ಗಾಜಿನ ಮೇಲೆ ಒಂದು ಚುಕ್ಕೆ ಇಟ್ಟುಕೊಳ್ಳಬಹುದು ಅಂತ ಇಷ್ಟು ದಿನ ಹೊಳೆದಿರಲಿಲ್ಲ. ನಾಚಿಕೆಪಡಲೂ ಪುರುಸೊತ್ತಿರಲಿಲ್ಲ. ದೊಡ್ಡಪ್ಪ ಎರಡೂ ಕೈ ಎತ್ತಿದ. ಕಿಂಡಿ ತೆರೆಯಿತು. ಬೊಟ್ಟನ್ನು ಕಿಂಡಿಯ ಮೇಲೆ ತಂದು ಬಟನ್ ಒತ್ತಿದೆ.

ಹೊರಗೆ ಕುಂಬಳಕಾಯಿ ಧಡಾರ್ ಅಂತ ಒಡೆಯಿತು. ಒಳಗೆ ದೊಡ್ಡಪ್ಪ ಮಂಡಿಯೂರಿ ಬಿದ್ದ.

ನಾನು ಕೂತಲ್ಲೇ ಕೂತಿದ್ದೆ. ಪರದೆಯಲ್ಲಿ ಬೆಟ್ಟಗಳ ಹಿಂದೆ ಬೆಳಗಾಯಿತು. ಗೊತ್ತಿಲ್ಲದ ಭಾಷೆಯ ಅಕ್ಷರಗಳು ಮೆಲ್ಲಗೆ ಮೇಲೇರಿದವು. ಒಂದಕ್ಷರವೂ ತಿಳಿಯಲಿಲ್ಲ, ಆದರೂ ಒಂದೊಂದನ್ನೂ ನೋಡಿದೆ. ಆಟದ ಕೊನೆ ಅಷ್ಟೇ ಇತ್ತು, ನನಗೆ ಅಷ್ಟು ಸಾಕಿತ್ತು. ಕೊನೆಯ ಸಾಲು ಮೇಲೆ ಹೋಗುತ್ತಿದ್ದಂತೆ ಚಿತ್ರ ಒಂದು ಗೆರೆಯಾಯಿತು, ಗೆರೆ ಒಂದು ಚುಕ್ಕೆಯಾಯಿತು, ಅದೂ ಹೋಯಿತು. ಕತ್ತಲ ಗಾಜಿನ ಮೇಲೆ ವಿಭೂತಿ ಕುಂಕುಮ ಮಾತ್ರ ಉಳಿದವು.

ಅಮ್ಮ ಮಂಡಕ್ಕಿ ಪ್ರಸಾದ ಹಿಡಿದು ಒಳಗೆ ಬಂದಳು. ಎದ್ದು ಅವಳ ಕಾಲು ಮುಟ್ಟಿದೆ. "ಅಮ್ಮಾ, ಗೆದ್ದೆ! ಕಾಲೇಜಿನಿಂದ ಆಗದೇ ಇದ್ದದ್ದು ಇವತ್ತು ಆಯಿತು! ಒಂದೇ ಏಟಿಗೆ ಕೆಡವಿದೆ!"

ಅಮ್ಮ ನನ್ನ ಬೊಗಸೆಗೆ ಮಂಡಕ್ಕಿ ಸುರಿದಳು.

"ಅದರಲ್ಲಿ ನಿಂದೇನಿದೆ ದೊಡ್ಡಸ್ತಿಕೆ? ಆಯುಧ ಪೂಜೆ ದಿನ ಹೋಗಿ ಹೊಡೆದಿದ್ದೀಯ. ಪಾಪ, ಅವನು ಕತ್ತಿ ಕೋವಿ ಎಲ್ಲಾ ಪೂಜೆಗಿಟ್ಟು ಬರಿಗೈಲಿ ನಿಂತಿದ್ದ."